ಆಟಗಾರ ಗಾಯಗೊಂಡರೆ ತಂಡಕ್ಕೆ ‘ಡ್ರಾಫ್ಟ್ ಪಿಕ್’ ಪರಿಹಾರ ಸಿಗುತ್ತದೆಯೇ?

ಚುಟುಕಾಗಿ

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಆಟಗಾರನೊಬ್ಬ ಗಾಯಗೊಂಡು ಇಡೀ ಋತುವಿನಿಂದ ಹೊರಬಿದ್ದರೆ ತಂಡಕ್ಕೆ ಲೀಗ್ ಪರಿಹಾರ ಕೊಡುತ್ತದೆ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಅಂಥ ನಿಯಮವಿಲ್ಲ. ಎರಡು ತಂಡಗಳು ಆಟಗಾರನನ್ನು ಅದಲುಬದಲು ಮಾಡಿಕೊಳ್ಳುವಾಗ ತಾವೇ ಬರೆದುಕೊಂಡ ಷರತ್ತಿನಿಂದಾಗಿ ಮಾತ್ರ ಗಾಯವು ಬೆಲೆಯನ್ನು ಬದಲಿಸಬಹುದು. 2023ರಲ್ಲಿ ಆರನ್ ರಾಡ್ಜರ್ಸ್ ಗಾಯಗೊಂಡಾಗ ಆಗಿದ್ದು ಇದೇ. ಆ ಪ್ರಕರಣವನ್ನೇ ಉದಾಹರಣೆಯಾಗಿಟ್ಟುಕೊಂಡು ನಾವು ಇದನ್ನು ಅರ್ಥ ಮಾಡಿಕೊಳ್ಳೋಣ.

ಡ್ರಾಫ್ಟ್ ಪಿಕ್ ಎಂದರೇನು?

ಇಲ್ಲಿ ಫುಟ್‌ಬಾಲ್ ಎಂದರೆ ನಾವು ನೋಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಓಡುವ ಅಮೆರಿಕನ್ ಫುಟ್‌ಬಾಲ್. ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ ಡ್ರಾಫ್ಟ್ ಎನ್ನುತ್ತಾರೆ. ಐಪಿಎಲ್ ಹರಾಜಿನಂತೆ ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ, ಸರದಿಯಂತೆ ಆರಿಸುತ್ತಾರೆ. ಒಟ್ಟು 7 ಸುತ್ತುಗಳಿರುತ್ತವೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯದು.

ಈ ಸರದಿಯನ್ನೇ ‘ಪಿಕ್’ ಎನ್ನುವುದು. ತಂಡಗಳು ಇದನ್ನು ಹಣದಂತೆಯೇ ಬಳಸುತ್ತವೆ. ‘ನಿಮ್ಮ ಆಟಗಾರನನ್ನು ಕೊಡಿ, ಮುಂದಿನ ವರ್ಷದ ನಮ್ಮ ಸರದಿಯನ್ನು ನೀವು ತೆಗೆದುಕೊಳ್ಳಿ’ ಎಂಬಂಥ ವ್ಯವಹಾರ ಪ್ರತಿ ವರ್ಷ ನಡೆಯುತ್ತದೆ. ಹಾಗೆ ಕೊಡುವ ಸರದಿಗಳಿಗೇ ‘ಡ್ರಾಫ್ಟ್ ಪಿಕ್ ಪರಿಹಾರ’ ಎನ್ನುತ್ತಾರೆ. ಗೊಂದಲ ಶುರುವಾಗುವುದು ಇಲ್ಲೇ. ಈ ‘ಪರಿಹಾರ’ ನಷ್ಟಕ್ಕೆ ಸಿಗುವ ಪರಿಹಾರವಲ್ಲ, ಆಟಗಾರನ ಬೆಲೆ.

ರಾಡ್ಜರ್ಸ್ ಪ್ರಕರಣದಲ್ಲಿ ಒಪ್ಪಂದ ಏನಿತ್ತು?

ರಾಡ್ಜರ್ಸ್ 2005ರಿಂದ 18 ಋತುಗಳ ಕಾಲ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿದ್ದರು. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು 4 ಬಾರಿ ಪಡೆದ ಕ್ವಾರ್ಟರ್‌ಬ್ಯಾಕ್ ಅವರು. ಅಂದರೆ, ತಂಡದ ಪ್ರತಿ ದಾಳಿಯನ್ನೂ ನಡೆಸುವ ಆಟಗಾರ. 2023ರ ಏಪ್ರಿಲ್‌ನಲ್ಲಿ ಪ್ಯಾಕರ್ಸ್ ಅವರನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಆಗ ಅವರಿಗೆ 39 ವರ್ಷ.

ಎರಡೂ ತಂಡಗಳು ಆ ವರ್ಷದ ಮೊದಲ ಸುತ್ತಿನ ಸರದಿಗಳನ್ನು ಅದಲುಬದಲು ಮಾಡಿಕೊಂಡವು. ಪ್ಯಾಕರ್ಸ್‌ಗೆ 13ನೇ ಸರದಿ, ಜೆಟ್ಸ್‌ಗೆ 15ನೇ ಸರದಿ ಬಂತು. ಪ್ಯಾಕರ್ಸ್‌ಗೆ 2ನೇ ಮತ್ತು 6ನೇ ಸುತ್ತಿನ ಒಂದೊಂದು ಪಿಕ್, ಜೆಟ್ಸ್‌ಗೆ 5ನೇ ಸುತ್ತಿನ ಒಂದು ಪಿಕ್ ಕೂಡ ಸಿಕ್ಕಿತು. ಮುಖ್ಯವಾದದ್ದು ಕೊನೆಯ ಅಂಶ. 2024ರಲ್ಲಿ ಜೆಟ್ಸ್ ತನ್ನ 2ನೇ ಸುತ್ತಿನ ಪಿಕ್ ಕೊಡಬೇಕು. ಆದರೆ 2023ರ ಋತುವಿನಲ್ಲಿ ಜೆಟ್ಸ್ ದಾಳಿಯ ಒಟ್ಟು ಪ್ಲೇಗಳಲ್ಲಿ ಶೇ 65ರಷ್ಟರಲ್ಲಿ ರಾಡ್ಜರ್ಸ್ ಮೈದಾನದಲ್ಲಿದ್ದರೆ, ಅದು ಮೊದಲ ಸುತ್ತಿನ ಪಿಕ್ ಆಗಿ ಬದಲಾಗುತ್ತದೆ.

ಒಂದು ಋತುವಿನಲ್ಲಿ ತಂಡವೊಂದಕ್ಕೆ 17 ಲೀಗ್ ಪಂದ್ಯಗಳು. ಎಲ್ಲ ಪಂದ್ಯಗಳಲ್ಲೂ ಸಮಾನ ಪ್ಲೇಗಳಿವೆ ಎಂದುಕೊಂಡರೆ, 11 ಪಂದ್ಯಗಳನ್ನು ಪೂರ್ತಿ ಆಡಿದರೂ ಆಗುವುದು ಶೇ 64.7. ಅಂದರೆ 12ನೇ ಪಂದ್ಯದಲ್ಲಿ ಸ್ವಲ್ಪವಾದರೂ ಆಡಲೇಬೇಕಿತ್ತು.

ಅವರು ಆಡಿದ್ದು ಎಷ್ಟು? ಕೇವಲ 4 ಪ್ಲೇ. ಸೆಪ್ಟೆಂಬರ್ 11ರಂದು ಬಫಲೋ ಬಿಲ್ಸ್ ವಿರುದ್ಧದ ಮೊದಲ ಪಂದ್ಯದಲ್ಲಿ ಎದುರಾಳಿ ಅವರನ್ನು ಹಿಡಿದು ಕೆಡವಿದಾಗ ಎಡಗಾಲಿನ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಮರುದಿನ ಎಂಆರ್‌ಐ ಸ್ಕ್ಯಾನ್ ಅದನ್ನು ಖಚಿತಪಡಿಸಿತು. ಅಲ್ಲಿಗೆ ಷರತ್ತಿನ ಲೆಕ್ಕವೂ ಮುಗಿಯಿತು. ಪ್ಯಾಕರ್ಸ್‌ಗೆ ಸಿಕ್ಕಿದ್ದು 2ನೇ ಸುತ್ತಿನ ಪಿಕ್ ಮಾತ್ರ.

ಒಂದು ಸ್ನಾಯುರಜ್ಜು ಹರಿದರೆ ಇಡೀ ಋತುವೇ ಏಕೆ ಮುಗಿಯುತ್ತದೆ?

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಹುರಿಯಂಥ ಭಾಗವೇ ಅಕಿಲಿಸ್. ದೇಹದ ಅತ್ಯಂತ ದಪ್ಪ ಸ್ನಾಯುರಜ್ಜು ಇದು. ತುದಿಗಾಲಲ್ಲಿ ನಿಲ್ಲಲು, ಓಡಲು, ಜಿಗಿಯಲು ಇದರ ಬಲ ಬೇಕೇ ಬೇಕು. ಹಿಮ್ಮಡಿಯಿಂದ ಸುಮಾರು 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತಪೂರೈಕೆ ಕಡಿಮೆ. ಬಹಳಷ್ಟು ಸಲ ಹರಿಯುವುದೂ ಅಲ್ಲಿಯೇ.

ಶಸ್ತ್ರಚಿಕಿತ್ಸೆಯಿಂದ ಹರಿದ ತುದಿಗಳನ್ನು ಒಂದೇ ದಿನದಲ್ಲಿ ಜೋಡಿಸಬಹುದು. ಆದರೆ ಜೋಡಿಸಿದ ಜಾಗ ಗಟ್ಟಿಯಾಗಲು ತಿಂಗಳುಗಳು ಬೇಕು. ಅವಸರಪಟ್ಟು ಭಾರ ಹಾಕಿದರೆ ಅದು ಮತ್ತೆ ಹರಿಯಬಹುದು ಅಥವಾ ಎಳೆದುಕೊಂಡು ಉದ್ದವಾಗಬಹುದು. ಉದ್ದವಾದರೆ ಕಾಲಿನ ತಳ್ಳುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಸ್ಪರ್ಧೆಗೆ ಮರಳಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಹಿಡಿಯುತ್ತದೆ. ಎನ್‌ಎಫ್‌ಎಲ್ ಲೀಗ್ ಪಂದ್ಯಗಳು ನಡೆಯುವುದು ಸೆಪ್ಟೆಂಬರ್‌ನಿಂದ ಜನವರಿ ಆರಂಭದವರೆಗೆ ಮಾತ್ರ.

‘ಅವರು 11 ವಾರಗಳಲ್ಲೇ ಗುಣವಾದರಲ್ಲ?’ ಎಂದು ನೀವು ಕೇಳಬಹುದು. ನವೆಂಬರ್ ಕೊನೆಯಲ್ಲಿ ರಾಡ್ಜರ್ಸ್ ಅಭ್ಯಾಸಕ್ಕೆ ಮರಳಿದ್ದು ನಿಜ. ಆದರೆ ಆ ಋತುವಿನಲ್ಲಿ ಅವರು ಮತ್ತೆ ಪಂದ್ಯ ಆಡಲಿಲ್ಲ. ಅಭ್ಯಾಸದಲ್ಲಿ ಚೆಂಡು ಎಸೆಯುವುದಕ್ಕೂ, ನೂರು ಕಿಲೋ ಮೀರಿದ ಎದುರಾಳಿಗಳು ಮೈಮೇಲೆ ಎರಗುವ ಪಂದ್ಯಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನೊಂದು ಮಾತು ನಮಗೆಲ್ಲರಿಗೂ ಅನ್ವಯಿಸುತ್ತದೆ. ‘ನಡೆಯಲು ಆಗುತ್ತಿದೆ, ಹಾಗಾದರೆ ಹರಿದಿಲ್ಲ’ ಎಂಬುದು ತಪ್ಪು. ಬೇರೆ ಸ್ನಾಯುಗಳ ನೆರವಿನಿಂದ ಪಾದ ಅಲ್ಪಸ್ವಲ್ಪ ಚಲಿಸಬಲ್ಲದು. ರಾಡ್ಜರ್ಸ್ ಕೂಡ ಬಿದ್ದ ಮೇಲೆ ಒಮ್ಮೆ ಎದ್ದು ನಿಂತಿದ್ದರು. ಆಡುವಾಗ ಹಿಂದಿನಿಂದ ಯಾರೋ ಒದ್ದಂತೆ ಅನ್ನಿಸಿದರೆ, ‘ಟಪ್’ ಎಂಬ ಸದ್ದು ಕೇಳಿದರೆ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಮಾಲೀಶು ಮಾಡಿಸಿ ಕಾಯಬೇಡಿ. ತಡಮಾಡದೆ ವೈದ್ಯರಿಗೆ ತೋರಿಸಿ.

ಹಾಗಾದರೆ ಪ್ಯಾಕರ್ಸ್‌ಗೆ ಎಷ್ಟು ನಷ್ಟವಾಯಿತು?

ಮೇಲ್ನೋಟದ ಲೆಕ್ಕ ಸುಲಭ. ಆ ಋತುವಿನಲ್ಲಿ ಜೆಟ್ಸ್ 7 ಪಂದ್ಯ ಗೆದ್ದು 10 ಸೋತಿತು. ಅದರ ಮೊದಲ ಸುತ್ತಿನ ಸರದಿ 10ನೆಯದಾಯಿತು, 2ನೇ ಸುತ್ತಿನದು 41ನೆಯದು. 10ರ ಬದಲು 41 ಸಿಕ್ಕಿತು, ಅಂದರೆ 31 ಸ್ಥಾನಗಳ ನಷ್ಟ!

ಆದರೆ ಈ ಲೆಕ್ಕ ಸರಿಯಲ್ಲ. ರಾಡ್ಜರ್ಸ್ ಇಡೀ ಋತು ಆಡಿದ್ದರೆ ಜೆಟ್ಸ್ ಇನ್ನಷ್ಟು ಪಂದ್ಯ ಗೆಲ್ಲುವ ಸಾಧ್ಯತೆಯಿತ್ತು. ಹೆಚ್ಚು ಗೆದ್ದರೆ ಸರದಿ ಹಿಂದಕ್ಕೆ ಹೋಗುತ್ತದೆ. ಜೆಟ್ಸ್ ಸರದಿ 10ನೇ ಸ್ಥಾನದಷ್ಟು ಮುಂದೆ ಬರಲು ಆ ಗಾಯವೂ ಒಂದು ಕಾರಣವಾಗಿರಬಹುದು. ಗಾಯವಾಗದಿದ್ದರೆ ಮೊದಲ ಸುತ್ತಿನ ಪಿಕ್ ಸಿಗುತ್ತಿತ್ತು ನಿಜ, ಆದರೆ ಅದು 10ನೆಯದೇ ಆಗಿರುತ್ತಿತ್ತು ಎನ್ನಲಾಗದು. 41ನೇ ಸರದಿಯನ್ನು ಪ್ಯಾಕರ್ಸ್ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಕೊಟ್ಟು, 45ನೇ ಸರದಿಯ ಜೊತೆಗೆ ಇನ್ನೆರಡು ಪಿಕ್ ಪಡೆಯಿತು. 45ರಲ್ಲಿ ಎಡ್ಜರಿನ್ ಕೂಪರ್ ಎಂಬ ಆಟಗಾರನನ್ನು ಆರಿಸಿಕೊಂಡಿತು.

ಷರತ್ತು ಯಾವಾಗಲೂ ಹೀಗೇ ಮುಗಿಯುವುದಿಲ್ಲ. 2021ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಕಾರ್ಸನ್ ವೆಂಟ್ಜ್ ಅವರನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಕೊಟ್ಟಾಗಲೂ ಇಂಥದೇ ಷರತ್ತಿತ್ತು. ಋತುವಿಗೆ ಮೊದಲು ಅವರ ಪಾದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆದರೂ ಅವರು ಎಲ್ಲ 17 ಪಂದ್ಯಗಳಲ್ಲಿ ಆಡಿದರು. ಈಗಲ್ಸ್‌ಗೆ ಮೊದಲ ಸುತ್ತಿನ ಪಿಕ್ ಸಿಕ್ಕಿತು.

ಲೀಗ್ ಕೊಡುವ ‘ಕಾಂಪೆನ್ಸೇಟರಿ ಪಿಕ್’ ಇದೇ ಅಲ್ಲವೇ?

ಅಲ್ಲ. ಒಪ್ಪಂದದ ಅವಧಿ ಮುಗಿದ ಆಟಗಾರರು ಬೇರೆ ತಂಡ ಸೇರಿದಾಗ, ಅಂಥವರನ್ನು ಪಡೆದುಕೊಂಡದ್ದಕ್ಕಿಂತ ಹೆಚ್ಚು ಕಳೆದುಕೊಂಡ ತಂಡಕ್ಕೆ ಲೀಗ್ 3ರಿಂದ 7ನೇ ಸುತ್ತುಗಳ ಕೊನೆಯಲ್ಲಿ ಹೆಚ್ಚುವರಿ ಸರದಿ ಕೊಡುತ್ತದೆ. ಅದಕ್ಕೆ ಕಾಂಪೆನ್ಸೇಟರಿ ಪಿಕ್ ಎಂದು ಹೆಸರು. ತಂಡಗಳು ಪರಸ್ಪರ ಒಪ್ಪಿ ಬದಲಾಯಿಸಿಕೊಂಡ ಆಟಗಾರರು ಈ ಲೆಕ್ಕಕ್ಕೆ ಬರುವುದಿಲ್ಲ. ತನ್ನಲ್ಲಿರುವ ಆಟಗಾರ ಗಾಯಗೊಂಡನೆಂದು ಯಾವ ತಂಡಕ್ಕೂ ಇದು ಸಿಗುವುದಿಲ್ಲ. ಜೆಟ್ಸ್‌ಗೂ ಸಿಗಲಿಲ್ಲ.

ಕೊನೆಯ ಮಾತು

ಗಾಯಕ್ಕೆ ಪರಿಹಾರ ಸಿಗುತ್ತದೆ ಎಂಬುದು ತಪ್ಪು. ಗಾಯದ ಸಾಧ್ಯತೆಯನ್ನು ಮೊದಲೇ ಯೋಚಿಸಿ ಎರಡು ತಂಡಗಳು ಬೆಲೆಯನ್ನು ಹಂಚಿಕೊಂಡಿದ್ದವು ಎಂಬುದು ಸರಿ. ಶೇ 65ರ ಷರತ್ತಿನಲ್ಲಿ ‘ಗಾಯ’ ಎಂಬ ಕಾರಣಕ್ಕೆ ಲೆಕ್ಕವಿರಲಿಲ್ಲ, ಎಷ್ಟು ಆಡಿದರು ಎಂಬುದಷ್ಟೇ ಮುಖ್ಯವಾಗಿತ್ತು. ಜೆಟ್ಸ್‌ಗೆ ಮೊದಲ ಸುತ್ತಿನ ಪಿಕ್ ಉಳಿಯಿತು, ಪ್ಯಾಕರ್ಸ್‌ಗೆ 2ನೇ ಸುತ್ತಿನದಾದರೂ ಸಿಕ್ಕಿತು. ರಾಡ್ಜರ್ಸ್ 2024ರಲ್ಲಿ ಮರಳಿ ಎಲ್ಲ 17 ಪಂದ್ಯಗಳನ್ನೂ ಆಡಿದರು. ಆದರೆ 40ರ ಹೊಸ್ತಿಲಲ್ಲಿದ್ದ ಆಟಗಾರನಿಗೆ ಕೈತಪ್ಪಿದ ಒಂದು ಋತುವನ್ನು ಹಿಂದಿರುಗಿಸುವ ಷರತ್ತನ್ನು ಯಾವ ಒಪ್ಪಂದದಲ್ಲೂ ಬರೆಯಲಾಗದು.