ಕಲಾವಿದ ಊರಿಗೇ ಮರಳಬೇಕಾದರೆ

ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಹೈಸ್ಕೂಲು ಮೈದಾನಕ್ಕೆ ಒಂದು ವಾಹನ ಬಂದು ನಿಂತಿತು. ಇಳಿದವರು ಪೆಟ್ಟಿಗೆ ಹೊತ್ತರು, ಕಂಬ ನಿಲ್ಲಿಸಿದರು, ಪರದೆ ಕಟ್ಟಿದರು, ಏಣಿ ಹತ್ತಿ ಲೈಟು ಬಿಗಿದರು. ಕೂಲಿಯವರಿರಬೇಕು ಅಂದುಕೊಂಡು ನಾವು ಹುಡುಗರು ಸುತ್ತ ನಿಂತು ನೋಡುತ್ತಿದ್ದೆವು. ಏಳು ಗಂಟೆಗೆ ರಂಗದ ಮೇಲೆ ಬೆಳಕು ಬಿತ್ತು. ಪೆಟ್ಟಿಗೆ ಹೊತ್ತಿದ್ದವನೇ ರಾಜನಾಗಿ ನಿಂತಿದ್ದ. ಹೆಗ್ಗೋಡಿನ ನೀನಾಸಂ ಸಂಸ್ಥೆಯ, ಊರೂರು ಸುತ್ತುವ ನಾಟಕ ತಂಡ 'ತಿರುಗಾಟ'ವನ್ನು ನಾನು ಮೊದಲು ಕಂಡದ್ದು ಹೀಗೆ.

ನಾಟಕದ ಹುಚ್ಚು ಹತ್ತಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಇವತ್ತಿಗೂ ಮನೆಯವರು ಹೇಳುವ ಮಾತು ಒಂದೇ: ಬೆಂಗಳೂರಿಗೆ ಹೋಗು, ಇಲ್ಲ ಬಿಟ್ಟುಬಿಡು. ಊರಲ್ಲೇ ಇದ್ದು, ಊರಿನ ಜನರೊಡನೆ ಕಲೆಯ ಕೆಲಸ ಮಾಡುವವರಿಗೆ ದಾರಿ ಏನಿದೆ? ಸರ್ಕಾರದ ಅಕಾಡೆಮಿಗಳಿವೆ, ಪ್ರಶಸ್ತಿಗಳಿವೆ, ವಯಸ್ಸಾದ ಕಲಾವಿದರಿಗೆ ಮಾಸಾಶನವಿದೆ. ಇವೆಲ್ಲ ಬೇಕಾದವೇ. ಆದರೆ ಮಾಸಾಶನ ಬರುವುದು ಬದುಕಿನ ಸಂಜೆಗೆ, ಪ್ರಶಸ್ತಿ ಬರುವುದು ಹೆಸರಾದ ಮೇಲೆ. ಇಪ್ಪತ್ತರ ಹರೆಯದಲ್ಲಿ ಕೈಗೆ ಕಸುಬು ಕೊಟ್ಟು, ಎದುರಿಗೆ ನೋಡುಗರನ್ನು ಕೂರಿಸುವ ಜಾಗ ಯಾವುದು ಎಂದು ಕೇಳಿದರೆ ನನ್ನ ಬೆರಳು ಸಾಗರದ ಕಡೆಗೇ ತಿರುಗುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ಸಣ್ಣ ಹಳ್ಳಿ. 1949ರಲ್ಲಿ ಅಲ್ಲಿನ ಯುವಕರು ಕೂಡಿ ಒಂದು ನಾಟಕ ಸಂಘ ಕಟ್ಟಿಕೊಂಡರು. ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಎಂಬ ಆ ಉದ್ದ ಹೆಸರೇ ಆಮೇಲೆ ಬಾಯಲ್ಲಿ ಸವೆದು ನೀನಾಸಂ ಆಯಿತು. ಅವರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಅವರ ಶಿಷ್ಯರಾಗಿ ಓದಿದ ಸುಬ್ಬಣ್ಣ, ಓದು ಮುಗಿಸಿ ತೋಟಕ್ಕೇ ಮರಳಿದರು. ಹಾಗೆ ಮರಳಿದ್ದೇ ಈ ಸಂಸ್ಥೆಯ ಬೇರು ಎಂದು ನನಗೆ ಅನ್ನಿಸುತ್ತದೆ.

ಹೆಗ್ಗೋಡಿನವರು ಮಾಡಿದ ದೊಡ್ಡ ಕೆಲಸವೆಂದರೆ ಶಾಲೆ ತೆರೆಯುವ ಮುನ್ನ ನೋಡುಗರನ್ನು ಬೆಳೆಸಿದ್ದು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದು ನಿಂತಿತು. ಮರುವರ್ಷ ಚಿತ್ರಸಮಾಜ ಹುಟ್ಟಿತು. ಸತ್ಯಜಿತ್ ರಾಯ್ ಅವರ ಪಥೇರ್ ಪಾಂಚಾಲಿ, ಇಟಲಿಯ ಬೈಸಿಕಲ್ ಥೀವ್ಸ್, ಕುರೊಸಾವಾರ ರಾಶೋಮಾನ್ ಇವನ್ನೆಲ್ಲ ತೋಟದ ಯಜಮಾನರೂ ಕೊನೆ ಕೊಯ್ಯುವವರೂ ಒಟ್ಟಿಗೆ ಕೂತು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರಂಥ ಮೇಷ್ಟ್ರು ಹಳ್ಳಿಗೆ ಬಂದು, ಸಿನಿಮಾ ನೋಡುವುದು ಹೇಗೆಂದು ಪಾಠ ಮಾಡಿದರು. ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಸಿನಿಮಾದ ಚರ್ಚೆ ನಡೆಯುವ ಊರಿನಲ್ಲಿ ನಟನಾಗುವುದೂ, ಬರೀ ಚಪ್ಪಾಳೆ ತಟ್ಟುವ ಊರಿನಲ್ಲಿ ನಟನಾಗುವುದೂ ಒಂದೇ ಅಲ್ಲ.

ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ಚಿದಂಬರರಾವ್ ಜಂಬೆಯವರು ಮೊದಲ ವರ್ಷಗಳಲ್ಲಿ ಅದನ್ನು ಕಟ್ಟಿ ನಿಲ್ಲಿಸಿದರು. ಕೇಂದ್ರಕ್ಕೆ ಪ್ರತಿವರ್ಷ ಸೇರಿಸಿಕೊಳ್ಳುವುದು ಕೆಲವೇ ಮಂದಿಯನ್ನು. ಅಲ್ಲಿಯೇ ವಾಸ, ಅಲ್ಲಿಯೇ ಊಟ, ಪಾಠವೆಲ್ಲ ಕನ್ನಡದಲ್ಲಿ. ಅಭಿನಯ, ರಂಗಭೂಮಿಯ ಇತಿಹಾಸ, ಯಕ್ಷಗಾನದ ಹೆಜ್ಜೆಗಳ ಜೊತೆಗೆ ಪ್ರಸಾಧನ, ಬೆಳಕು, ರಂಗಸಜ್ಜಿಕೆಯ ಬಡಗಿ ಕೆಲಸವನ್ನೂ ಕಲಿಸುತ್ತಾರೆ. ಈ ಕೊನೆಯ ಮೂರನ್ನು ನಾನು ಒತ್ತಿ ಹೇಳುತ್ತೇನೆ. ತನ್ನ ಊರಿಗೆ ಮರಳುವ ಕಲಾವಿದನಿಗೆ ಲೈಟಿನವನು, ಮೇಕಪ್ಪಿನವನು, ಸೆಟ್ಟಿನವನು ಎಂದು ಬೇರೆ ಬೇರೆ ಜನ ಸಿಗುವುದಿಲ್ಲ. ಶಾಲೆಯ ಬೆಂಚು ಜೋಡಿಸಿ ರಂಗ ಮಾಡಬೇಕು, ಮನೆಯ ಸೀರೆಯನ್ನೇ ಪರದೆ ಮಾಡಬೇಕು. ಎಲ್ಲ ಕೆಲಸವನ್ನೂ ತಾನೇ ಮಾಡಬಲ್ಲವನು ಮಾತ್ರ ಅಂಥ ಕಡೆ ಉಳಿಯುತ್ತಾನೆ.

ಕಲಿತವರಲ್ಲಿ ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅವರಂಥವರನ್ನು ತೆರೆಯ ಮೇಲೆ ಎಲ್ಲರೂ ಬಲ್ಲರು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇನ್ನೊಂದು ಬಗೆಯ ಫಲ. ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಕಟ್ಟಿದರು. ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿ 'ಕಿನ್ನರ ಮೇಳ' ಕಟ್ಟಿ ಮಕ್ಕಳ ಮುಂದೆ ನಾಟಕ ಆಡಿಸಿದರು. ಅವರಾಚೆಗೆ, ಹೆಸರು ಎಲ್ಲೂ ಅಚ್ಚಾಗದೆ ಬೇಸಿಗೆ ಶಿಬಿರ ನಡೆಸುತ್ತಾ, ಕಾಲೇಜಿನ ಹುಡುಗರಿಗೆ ನಾಟಕ ಕಲಿಸುತ್ತಾ ತಾಲ್ಲೂಕು ಕೇಂದ್ರಗಳಲ್ಲಿ ಉಳಿದವರಿದ್ದಾರೆ.

ಎಂಬತ್ತರ ದಶಕದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ನಡೆದ 'ಜನಸ್ಪಂದನ' ಯೋಜನೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ನೀನಾಸಂನವರು ಊರೂರಿಗೆ ಹೋಗಿ ಅಲ್ಲಿನವರಿಂದಲೇ ನಾಟಕ ಮಾಡಿಸಿದ ಕಾಲ ಅದು. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಜಂಬೆಯವರು ಸಿದ್ದಿ ಜನರೊಡನೆ ಕೂತರು. ಶತಮಾನಗಳ ಹಿಂದೆ ಆಫ್ರಿಕಾದಿಂದ ತರಲಾದ ಜನರ ಸಂತತಿ ಈ ಸಿದ್ದಿಗಳು. ಕಾಡಿನಂಚಿನಲ್ಲಿ ಕೂಲಿ ಮಾಡಿ ಬದುಕಿದವರು. ಅವರು ಆಡಿದ್ದು ನೈಜೀರಿಯಾದ ಚಿನುವ ಅಚಿಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯ ಕನ್ನಡ ರಂಗರೂಪವನ್ನು. ಅವರ ಪೂರ್ವಿಕರ ಖಂಡದ ಕಥೆ, ಅವರದೇ ಕುಣಿತ, ಅವರದೇ ಡಮಾಮಿಯ ಬಡಿತ. ಮುಂದೆ ಆ ಸಮುದಾಯದ ಹಲವರು ಹೆಗ್ಗೋಡಿಗೆ ಬಂದು ಕಲಿತರು, ರಂಗಭೂಮಿಯಲ್ಲೇ ಬದುಕು ಕಂಡುಕೊಂಡರು. ಸಮುದಾಯದ ಜೊತೆಗಿನ ಕಲೆ ಎಂದು ಯಾರಾದರೂ ಭಾಷಣ ಮಾಡಿದಾಗ ನನಗೆ ಮಂಚಿಕೇರಿಯೇ ನೆನಪಾಗುತ್ತದೆ.

ತಿರುಗಾಟ ಶುರುವಾದದ್ದು 1985ರಲ್ಲಿ. ಶಾಲೆಯಲ್ಲಿ ಕಲಿತವರಿಗೆ ಕೆಲಸ ಬೇಕಿತ್ತು, ಊರುಗಳಿಗೆ ನಾಟಕ ಬೇಕಿತ್ತು. ಕಾಳಿದಾಸ, ಶೇಕ್ಸ್‌ಪಿಯರ್, ಬ್ರೆಕ್ಟ್, ಕನ್ನಡದ ಹಳಬರು ಹೊಸಬರು ಎಲ್ಲರೂ ಆ ವಾಹನದಲ್ಲಿ ಪಯಣಿಸಿದ್ದಾರೆ. ಬಿ.ವಿ. ಕಾರಂತರು ಪುತಿನ ಅವರ 'ಗೋಕುಲ ನಿರ್ಗಮನ'ವನ್ನು ಈ ತಂಡಕ್ಕೆ ಆಡಿಸಿದ್ದನ್ನು ಕಂಡವರು ಇವತ್ತಿಗೂ ಅದರ ಹಾಡು ಗುನುಗುತ್ತಾರೆ. ಇದೇ ಹಾದಿಯಲ್ಲಿ 1997ರಿಂದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 'ಶಿವಸಂಚಾರ'ವನ್ನು ಊರೂರಿಗೆ ಕಳಿಸುತ್ತಿದ್ದಾರೆ. ಒಂದು ಮಠ ರಂಗತಂಡ ಕಟ್ಟಿದ್ದು ಕನ್ನಡದ ಭಾಗ್ಯ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಮಗ ಕೆ.ವಿ. ಅಕ್ಷರ ಮತ್ತು ಗೆಳೆಯರ ಬಳಗ ಕೆಲಸ ಮುಂದುವರಿಸಿದೆ.

ಊರಿನಲ್ಲಿ ಕೆಲಸ ಮಾಡಬೇಕೆಂಬ ಹಂಬಲವಿದ್ದವರು ಬೇಸಿಗೆಯಲ್ಲಿ ಪತ್ರಿಕೆಗಳ ಮೇಲೆ ಕಣ್ಣಿಟ್ಟಿರಬೇಕು. ರಂಗಶಿಕ್ಷಣಕ್ಕೆ ಅರ್ಜಿ ಕರೆಯುವುದು ಆಗಲೇ. ವರ್ಷವಿಡೀ ಬಿಡುವಿಲ್ಲದವರಿಗೆ, ಮೇಷ್ಟ್ರುಗಳಿಗೆ, ಗೃಹಿಣಿಯರಿಗೆ ಅಕ್ಟೋಬರ್ ಹೊತ್ತಿನ ಸಂಸ್ಕೃತಿ ಶಿಬಿರವಿದೆ. ಯು.ಆರ್. ಅನಂತಮೂರ್ತಿಯವರು ವರ್ಷ ವರ್ಷವೂ ಬಂದು ಮಾತಾಡುತ್ತಿದ್ದ ಶಿಬಿರ ಇದು. ಹಗಲು ಮಾತು, ರಾತ್ರಿ ನಾಟಕ. ಅಲ್ಲಿಗೆ ಹೋಗಿ ಬಂದವರೇ ಮುಂದೆ ತಮ್ಮೂರಿಗೆ ತಿರುಗಾಟ ಕರೆಸುವವರಾಗುತ್ತಾರೆ.

ತಿರುಗಾಟ ಕರೆಸುವುದೂ ಒಂದು ಕಲಿಕೆಯೇ. ತಂಡದ ಪರಿಕರ ತಂಡದ್ದೇ. ಊರಿನವರು ಜಾಗ, ಕರೆಂಟು, ನಿಗದಿಯಾದ ಹಣ, ಊಟ, ಮಲಗುವ ಏರ್ಪಾಡು ನೋಡಿಕೊಂಡರಾಯಿತು. ನಮ್ಮೂರಲ್ಲಿ ಹಿರಿಯರು ಮನೆಮನೆಗೆ ಟಿಕೆಟ್ ಹಿಡಿದು ಹೋಗಿದ್ದರು. ಹಣ ಹೇಗೋ ಕೂಡುತ್ತದೆ. ಅಷ್ಟು ಜನಕ್ಕೆ ರಾತ್ರಿಯೂಟ ಯಾರ ಮನೆಯಲ್ಲಿ ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ನಾಟಕ ಮುಗಿದು, ಬಣ್ಣ ತೊಳೆದು, ಲೈಟು ಇಳಿಸಿ ಅವರು ಎಲೆ ಮುಂದೆ ಕೂರುವಾಗ ನಡುರಾತ್ರಿ ಆಗಿರುತ್ತದೆ.