ಮಗುವಿನ ನಿದ್ರೆ ಮತ್ತು ತಾಯಿಯ ಉದ್ಯೋಗ

"ಮಗು ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ನಾನು ಕೆಲಸ ಬಿಡಬೇಕೇ?" ಎಂಬ ಪ್ರಶ್ನೆ ಈಚೆಗೆ ನಮ್ಮ ಚಿಕಿತ್ಸಾಲಯದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತಿದೆ. ಕೇಳುವವರು ಶಿಕ್ಷಕಿಯರು, ಬ್ಯಾಂಕ್ ನೌಕರರು, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಯುವವರು. ತಂದೆಯರು ಈ ಪ್ರಶ್ನೆ ಕೇಳಿದ್ದು ಬಹಳ ಅಪರೂಪ. ತಾಯಿಯ ಉದ್ಯೋಗವೇ ಕಾರಣವೆಂದು ಮನೆಯಲ್ಲಿ ಮೊದಲೇ ತೀರ್ಪಾಗಿರುತ್ತದೆ. ಅದಕ್ಕೆ ವೈದ್ಯರ ಒಪ್ಪಿಗೆಯಷ್ಟೇ ಬೇಕಾಗಿರುತ್ತದೆ. ಆ ಒಪ್ಪಿಗೆಯನ್ನು ನಾವು ಸುಲಭವಾಗಿ ಕೊಡುವುದಿಲ್ಲ.

ಚರಕಾಚಾರ್ಯರು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಉಪಸ್ತಂಭಗಳೆಂದು ಹೇಳಿದ್ದಾರೆ. ಬೆಳೆಯುವ ಶರೀರಕ್ಕೆ ನಿದ್ರೆಯ ಆಸರೆ ಇನ್ನೂ ಹೆಚ್ಚು ಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ, ಶಾಲೆಗೆ ಹೋಗುವ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಅಗತ್ಯ. ಹನ್ನೊಂದಕ್ಕೆ ಮಲಗಿ ಆರೂವರೆಗೆ ಏಳುವ ಮಗುವಿಗೆ ಏಳೂವರೆ ಗಂಟೆಯಷ್ಟೇ ದೊರೆಯುತ್ತದೆ. "ಇದಕ್ಕೆ ನಿದ್ದೆಯೇ ಬೇಡ, ಕುಣಿಯುತ್ತಲೇ ಇರುತ್ತದೆ" ಎನ್ನುತ್ತಾರೆ. ಮಿತಿಮೀರಿ ದಣಿದ ಮಗು ಹಾಗೆಯೇ ಕುಣಿಯುತ್ತದೆ, ರಚ್ಚೆ ಹಿಡಿಯುತ್ತದೆ.

ಇಂಥ ಮನೆಯವರಿಗೆ ಔಷಧಿಗಿಂತ ಮೊದಲು ನಾವು ಒಂದು ವಾರದ ದಿನಚರಿ ಬರೆದು ತರಲು ಹೇಳುತ್ತೇವೆ. ಅದನ್ನು ಓದಿದಾಗ ಕಾರಣ ಸಾಮಾನ್ಯವಾಗಿ ತಾನಾಗಿಯೇ ಹೊರಬೀಳುತ್ತದೆ. ಶಿಶುಪಾಲನಾ ಕೇಂದ್ರದಲ್ಲಿ ಮಗುವನ್ನು ಸಂಜೆ ನಾಲ್ಕರಿಂದ ಆರರವರೆಗೆ ಮಲಗಿಸಿರುತ್ತಾರೆ. ತಾಯಿ ಏಳಕ್ಕೆ ಬಂದು ಅಡುಗೆಗೆ ನಿಲ್ಲುತ್ತಾಳೆ. ಮಗುವಿನ ಕೈಗೆ ಮೊಬೈಲು. ತಂದೆ ಒಂಬತ್ತೂವರೆಗೆ ಬಂದಾಗ ಮನೆಯಲ್ಲಿ ಸಂಭ್ರಮ ಶುರುವಾಗುತ್ತದೆ, ಊಟ ಹತ್ತಕ್ಕೆ. ಹಗಲೆಲ್ಲ ಅಗಲಿದ್ದ ಮಗುವಿಗೆ ತಂದೆತಾಯಿ ಇಬ್ಬರೂ ಒಟ್ಟಿಗೆ ಸಿಗುವುದು ಆ ಒಂದು ಗಂಟೆಯಲ್ಲಿ ಮಾತ್ರ. ಕಣ್ಣು ಮುಚ್ಚಿದರೆ ಮತ್ತೆ ಅಗಲಬೇಕು. ಅದು ಮಲಗಲು ಒಪ್ಪದಿರುವುದನ್ನು ನಾವು ಹಟವೆಂದು ಕರೆಯಲಾರೆವು.

ಕೆಲಸ ಬಿಟ್ಟ ತಾಯಂದಿರನ್ನೂ ನಾವು ಕಂಡಿದ್ದೇವೆ. ಶಾಲೆಯ ನೌಕರಿ ಬಿಟ್ಟು ಮನೆಯಲ್ಲಿದ್ದ ಒಬ್ಬ ತಾಯಿಯ ಮಗು ಆರು ತಿಂಗಳಾದರೂ ಹನ್ನೊಂದಕ್ಕೇ ಮಲಗುತ್ತಿತ್ತು, ಏಕೆಂದರೆ ಆ ಮನೆಯ ದೀಪ ಆರುತ್ತಿದ್ದುದೇ ಹನ್ನೊಂದಕ್ಕೆ. ಸಂಬಳ ಹೋಯಿತು, ನಿದ್ರೆ ಬರಲಿಲ್ಲ. ಹಾಗೆಂದು ಮನೆಯಲ್ಲಿರುವುದು ವ್ಯರ್ಥವೆಂದಲ್ಲ. ಮೊದಲ ಆರು ತಿಂಗಳು ಎದೆಹಾಲೇ ಮಗುವಿನ ಸಂಪೂರ್ಣ ಆಹಾರ. ಆಗ ತಾಯಿ ಬಳಿಯಲ್ಲಿರುವುದು ಅತ್ಯುತ್ತಮ. 2017ರ ತಿದ್ದುಪಡಿಯಂತೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯುಂಟು; 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನೆಯ ವ್ಯವಸ್ಥೆ ಮಾಡಬೇಕು. ನಮ್ಮ ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಿಂದ 180 ದಿನಗಳ ಶಿಶುಪಾಲನಾ ರಜೆಯೂ ಇದೆ. ರಾಜೀನಾಮೆ ಬರೆಯುವ ಮುನ್ನ ಇವನ್ನು ವಿಚಾರಿಸಿರಿ. ಹೊಲದ ಬದುವಿನ ಮರಕ್ಕೆ ಜೋಲಿ ಕಟ್ಟಿ ಕಳೆ ಕೀಳುವ ತಾಯಿಗೆ ಇವು ಯಾವುವೂ ಇಲ್ಲವೆಂಬುದು ನಮ್ಮ ನೋವು. ಕದಿರ ರೆಮ್ಮವ್ವ ನೂಲು ತೆಗೆದ, ಆಯ್ದಕ್ಕಿ ಲಕ್ಕಮ್ಮ ಗಂಡನೊಡನೆ ದಾಸೋಹ ನಡೆಸಿದ ಪರಂಪರೆ ನಮ್ಮದು. ಹೆಣ್ಣಿನ ಕಾಯಕವನ್ನು ಮಗುವಿನ ಶತ್ರುವೆಂದು ಬಗೆಯುವುದು ಶರಣರ ಮನೆಗೆ ಒಪ್ಪದು.

ಹಾಗಾದರೆ ಮಾಡಬೇಕಾದುದೇನು? ಮಧ್ಯಾಹ್ನದ ನಿದ್ರೆ ಮೂರು ಗಂಟೆಯೊಳಗೆ ಮುಗಿಯಲೆಂದು ಕೇಂದ್ರದವರಿಗೆ ತಿಳಿಸಿರಿ. ಮಗುವಿನ ಊಟ ಏಳೂವರೆಯೊಳಗಾಗಲಿ, ಹಿರಿಯರದು ಬೇಕಾದರೆ ತಡವಾಗಲಿ. ಮನೆಗೆ ಬಂದ ತಾಯಿ ಮೊದಲ ಅರ್ಧ ಗಂಟೆ ಒಲೆಯತ್ತ ಹೋಗದೆ ಮಗುವಿನೊಡನೆ ಕೂರಲಿ. ಆ ಹೊತ್ತಿಗೆ ಅನ್ನಕ್ಕಿಡುವ ಕೈ ಮನೆಯಲ್ಲಿ ಬೇರೆಯವರದೂ ಇರಬಹುದಲ್ಲವೇ? ಸಂಜೆಯ ಇಷ್ಟಲಿಂಗ ಪೂಜೆಯಲ್ಲಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ದಿನವೂ ಅದೇ ಹೊತ್ತಿಗೆ ವಿಭೂತಿ, ಅದೇ ಶಾಂತತೆ. ಇನ್ನು ಮಲಗುವ ಸಮಯವೆಂಬುದು ಮಗುವಿಗೆ ಅದರಿಂದಲೇ ತಿಳಿಯುತ್ತದೆ. ಬಳಿಕ ಮಂದ ಬೆಳಕಿನಲ್ಲಿ ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ, ಬೇಸಿಗೆಯಲ್ಲಾದರೆ ಕೊಬ್ಬರಿ ಎಣ್ಣೆ ಸವರಿರಿ. ಮಲಗುವ ವೇಳೆಯನ್ನು ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿರಿ, ಏಳುವ ವೇಳೆ ಮಾತ್ರ ರಜಾದಿನದಲ್ಲೂ ಬದಲಾಗದಿರಲಿ. ತಡವಾಗಿ ಬರುವ ತಂದೆ ಮಲಗಿದ ಮಗುವನ್ನು ಎಬ್ಬಿಸದೆ, ಬೆಳಗಿನ ಸ್ನಾನ ಉಪಾಹಾರಗಳನ್ನು ತಾನು ವಹಿಸಿಕೊಳ್ಳಲಿ. ಮಗುವಿಗೆ ದಿನವೂ ಸಿಗುವ ಆ ಮುಕ್ಕಾಲು ಗಂಟೆ ರಾತ್ರಿಯ ಗದ್ದಲಕ್ಕಿಂತ ಎಷ್ಟೋ ಮೇಲು.

ನಿದ್ರೆಗೆಂದು ಜಾಯಿಕಾಯಿ ತೇದು ಕುಡಿಸುವ ರೂಢಿ ಇನ್ನೂ ಇದೆ. ಪ್ರಮಾಣ ಮೀರಿದರೆ ಅದು ವಿಷ; ವೈದ್ಯರನ್ನು ಕೇಳದೆ ಬೇಡ. ಕೆಮ್ಮಿನ ಸಿರಪ್ಪನ್ನು ನಿದ್ರೆಗಾಗಿ ಹಾಕುವುದಂತೂ ಅಪಾಯ. ವರ್ಷ ತುಂಬದ ಶಿಶುವಿಗೆ ಜೇನುತುಪ್ಪ ನೆಕ್ಕಿಸಬಾರದು. ಗೊರಕೆ, ಬಾಯಿ ತೆರೆದು ಉಸಿರಾಟ, ನಿದ್ರೆಯಲ್ಲಿ ಉಸಿರು ತಡೆದಂತಾಗುವುದು ಕಂಡುಬಂದರೆ ದಿನಚರಿ ತಿದ್ದುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿರಿ. ಮಗು ಮಲಗಿದ ಮೇಲೂ ತಾಯಿಗೆ ನಿದ್ರೆ ಬಾರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಅದೂ ಚಿಕಿತ್ಸೆ ಬೇಕಾದ ವ್ಯಾಧಿಯೇ. ಅಂಥವಳು ತಾನಾಗಿ ಆಸ್ಪತ್ರೆಗೆ ಬರುವುದು ಕಡಿಮೆ, ಮನೆಯವರೇ ಕರೆತರಬೇಕು.