ಮಳ್ಳು ಎನ್ನಿಸಿಕೊಳ್ಳಲು ನಾಚಿಕೆ ಏಕೆ?

ಇಡಗುಂದಿ ದಾಟಿ ಅಂಕೋಲೆಯ ದಿಕ್ಕಿಗೆ ಹೊರಟರೆ ಅರಬೈಲ್ ಘಾಟಿ ಸಿಗುತ್ತದೆ. ಭಾರ ಹೊತ್ತ ಲಾರಿಗಳು ಗೇರು ಬದಲಿಸಿ ಉಬ್ಬಸದಿಂದ ಹತ್ತುವ ಸದ್ದು ರಾತ್ರಿಯ ಹೊತ್ತು ದೂರದ ತೋಟದ ಮನೆಗಳಿಗೂ ಕೇಳುತ್ತದೆ. ಆ ಸದ್ದು ಕೇಳುತ್ತಲೇ ನಾನು ಮೊದಲ ವೈಜ್ಞಾನಿಕ ಕಥೆ ಓದಿದೆ. ಮೂಲೆ ಹಿಡಿದು ಕೂತು ಓದಿದ್ದಲ್ಲ, ಅಡಕೆ ಸುಲಿಯುವ ಹತ್ತು ಜನರಿಗೆ ಕೇಳುವಂತೆ ಗಟ್ಟಿಯಾಗಿ ಓದಿದ್ದು.

ಕೊನೆಕೊಯ್ಲಿನ ದಿನಗಳವು. ಹಗಲಿಡೀ ಇಳಿಸಿದ ಹಸಿ ಅಡಕೆಯನ್ನು ರಾತ್ರಿ ಸುಲಿದು ಮುಗಿಸಿದರೆ ಬೆಳಗ್ಗೆ ಹಂಡೆಗೆ ಹಾಕಿ ಬೇಯಿಸಬಹುದು. ಅಕ್ಕಪಕ್ಕದ ಮನೆಯವರು ಊಟ ಮುಗಿಸಿ, ಮೆಟ್ಟುಗತ್ತಿ ಹಿಡಿದು ಬಂದು ಸಾಲಾಗಿ ಕೂರುತ್ತಿದ್ದರು. ಬೆರಳು ಕಪ್ಪಾಗುತ್ತದೆ, ಸಿಪ್ಪೆಯ ರಾಶಿ ಮೊಣಕಾಲಿಗೆ ಬರುತ್ತದೆ, ಹತ್ತು ಗಂಟೆಯ ಮೇಲೆ ಕಣ್ಣು ಎಳೆಯತೊಡಗುತ್ತದೆ. ನಿದ್ದೆ ಓಡಿಸಲು ಯಾರಾದರೂ ಯಕ್ಷಗಾನದ ಪದ ಹೇಳಬೇಕು, ಇಲ್ಲವೇ ಕಥೆ ಓದಬೇಕು. ಕತ್ತಿಗೆ ಕೈ ಪಳಗದ ಹುಡುಗನಾದ ನನ್ನ ಪಾಲಿಗೆ ಓದುವ ಕೆಲಸ ಬಂದಿತ್ತು. ಅವತ್ತು ಕೈಗೆ ಸಿಕ್ಕಿದ್ದು ಮುಖಪುಟ ಹರಿದ ಹಳೆಯ ವಾರಪತ್ರಿಕೆ. ಬೇರೆ ಗ್ರಹದಿಂದ ಬಂದ ಜೀವಿಯೊಂದು ಭೂಮಿಯ ನೀರನ್ನು ಮೊದಲ ಸಲ ಮುಟ್ಟಿ ನೋಡುವ ಕಥೆ. ಬರೆದವರ ಹೆಸರಿದ್ದ ಪುಟವೇ ಇರಲಿಲ್ಲ.

ಕಥೆ ಮುಗಿದಾಗ ಪಕ್ಕದ ಮನೆಯ ಅಜ್ಜ ಸುಲಿಯುವ ಕೈ ನಿಲ್ಲಿಸಿ ಕೇಳಿದರು: “ಇದು ಅಪ್ಪಂತದ್ದು ಹೌದನೋ ಅಪ್ಪಿ?” ಇದೆಲ್ಲ ಆಗುವಂಥದ್ದೇ ಹೌದೇನೋ ಎಂದು.

ಆ ಅಜ್ಜ ಪುಷ್ಪಕ ವಿಮಾನದ ಬಗ್ಗೆ ಯಾವತ್ತೂ ಹಾಗೆ ಕೇಳಿದವರಲ್ಲ. ಚಿತ್ತಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದಾಗ ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಕೂತು ಮೈಮರೆತವರು. ಅಲ್ಲಿ ಏಳದ ಪ್ರಶ್ನೆ ಈ ಕಥೆಗೆ ಎದ್ದಿತು. ವಿಜ್ಞಾನದ ಕಥೆಯನ್ನು ಉಳಿದ ಅದ್ಭುತ ಕಥೆಗಳಿಂದ ಬೇರೆ ಮಾಡುವುದು ಈ ಪ್ರಶ್ನೆಯೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅಜ್ಜನನ್ನು ಊರವರು ‘ಆಟದ ಮಳ್ಳು’ ಎನ್ನುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ಕನ್ನಡದ ‘ಮರುಳು’ ನಮ್ಮ ಬಾಯಲ್ಲಿ ಮಳ್ಳು. ಎಲ್ಲಿ ಚಂಡೆಯ ಸದ್ದು ಕೇಳಿದರೂ ಎದ್ದು ಹೊರಡುವವನು, ಹತ್ತು ಮೈಲಿ ನಡೆದು ಹೋಗಿ ಬೆಳತನಕ ಕೂತು ಮರುದಿನ ತೋಟದ ಕೆಲಸಕ್ಕೂ ತಪ್ಪದವನು ಆಟದ ಮಳ್ಳು. ಬೈಗುಳದಂತೆ ಕೇಳಿಸಿದರೂ ಅದರಲ್ಲಿ ಅಕ್ಕರೆಯಿದೆ. ಅಜ್ಜನೂ ‘ಹೌದು, ಮಳ್ಳೇಯ’ ಎಂದು ಒಪ್ಪಿಕೊಳ್ಳುತ್ತಿದ್ದರು. ಹಾಗಾದರೆ ವಿಜ್ಞಾನದ ಕಥೆ ಕಂಡಲ್ಲಿ ಬಿಡದೆ ಓದುವ ನನ್ನಂಥವನನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಕನ್ನಡದಲ್ಲಿ ಇವತ್ತಿಗೂ ಎಲ್ಲರ ಬಾಯಿಗೆ ಬಂದ ಒಂದು ಉತ್ತರವಿಲ್ಲ. ಇದು ಸಣ್ಣ ಕೊರತೆ ಎಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದಲ್ಲಿ ಇಂಥ ಓದುಗರಿಗೆ ಹೆಸರು ಬಂದದ್ದರ ಹಿಂದೆ ಒಂದು ಪತ್ರಿಕೆಯ ಓಲೆ ವಿಭಾಗವಿದೆ. ಲಕ್ಸೆಂಬರ್ಗ್‌ನಿಂದ ವಲಸೆ ಹೋಗಿದ್ದ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಿಕ ಶುರು ಮಾಡಿದರು. ಅದರಲ್ಲಿ ಬರುವ ಕಥೆಗಳಿಗೆ ಅವರು ಇಟ್ಟ ಹೆಸರು ‘ಸೈಂಟಿಫಿಕ್ಷನ್’. ನಾಲಿಗೆ ತೊಡರುವ ಆ ಪದ ಹೆಚ್ಚು ದಿನ ಬಾಳಲಿಲ್ಲ. ಅವರು ಮಾಡಿದ ಇನ್ನೊಂದು ಕೆಲಸ ಮಾತ್ರ ಬಾಳಿತು. ಓದುಗರ ಪತ್ರಗಳ ಜೊತೆಗೆ ಅವರ ವಿಳಾಸವನ್ನೂ ಅಚ್ಚು ಹಾಕಿದರು. ದೂರದ ಊರಿನಲ್ಲಿ ತಾನೊಬ್ಬನೇ ಎಂದುಕೊಂಡು ಓದುತ್ತಿದ್ದ ಹುಡುಗನಿಗೆ ತನ್ನಂಥ ಇನ್ನೊಬ್ಬನ ಮನೆ ಎಲ್ಲಿದೆ ಎಂದು ಗೊತ್ತಾಯಿತು. ಕಾಗದ ಬರೆದರು, ಭೇಟಿಯಾದರು, ಕೂಟ ಕಟ್ಟಿದರು. 1930ರ ಹೊತ್ತಿಗೆ ತಾವೇ ಪುಟ್ಟ ಪತ್ರಿಕೆ ತರತೊಡಗಿದರು. ಅಂಥ ಪತ್ರಿಕೆಗಳಿಗೆ ‘ಫ್ಯಾನ್‌ಜಿನ್’ ಎಂಬ ಪದವನ್ನು 1940ರಲ್ಲಿ ಟಂಕಿಸಿದವರೂ ಒಬ್ಬ ಓದುಗರೇ, ರಸ್ ಶೋವನೆ. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆದಾಗ ಸೇರಿದ್ದವರು ಸುಮಾರು ಇನ್ನೂರು ಜನ. ಫಾರೆಸ್ಟ್ ಅಕರ್ಮನ್ ಎಂಬ ತರುಣ ಮುಂದಿನ ಶತಮಾನದ ಉಡುಪು ತೊಟ್ಟು ಬಂದಿದ್ದರು. ಅದನ್ನು ಹೊಲಿದುಕೊಟ್ಟವರು ಅವರ ಗೆಳತಿ ಮರ್ಟಲ್ ಡಗ್ಲಸ್, ಆಕೆಯೂ ಅಂಥದೇ ಉಡುಪಿನಲ್ಲಿ ಬಂದಿದ್ದರು.

ಇದೇ ಅಕರ್ಮನ್ 1954ರಲ್ಲಿ ಕಾರಿನ ರೇಡಿಯೋದಲ್ಲಿ ‘ಹೈ-ಫೈ’ ಎಂಬ ಮಾತು ಕೇಳಿ, ಪ್ರಾಸಕ್ಕೆ ‘ಸೈ-ಫೈ’ ಎಂದರು. ಜಗತ್ತು ಆ ಪದವನ್ನು ಎತ್ತಿಕೊಂಡಿತು. ಹಳೆಯ ಅಭಿಮಾನಿಗಳಿಗೆ ಮಾತ್ರ ಅದು ಸೇರಲಿಲ್ಲ. ಅಗ್ಗದ ಸಿನಿಮಾಗಳಿಗೆ ಆ ಪದ ಇರಲಿ, ನಮ್ಮದು ‘ಎಸ್ಎಫ್’ ಎಂದು ಹಟ ಹಿಡಿದರು. 1966ರಲ್ಲಿ ಟಿವಿಯಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ನೋಡುಗರಲ್ಲೂ ಇಂಥದೇ ಜಗಳ. ಹೊರಗಿನವರು ‘ಟ್ರೆಕ್ಕಿ’ ಎಂದರೆ, ತಮ್ಮ ಆಸಕ್ತಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಬಯಸಿದವರು ‘ಟ್ರೆಕ್ಕರ್’ ಎನ್ನಿ ಎಂದರು. ಎರಡಕ್ಷರದ ವ್ಯತ್ಯಾಸಕ್ಕೆ ಇಷ್ಟು ರಂಪವೇ ಎಂದು ಕೇಳಬಹುದು. ಬಡಗುತಿಟ್ಟು, ತೆಂಕುತಿಟ್ಟು ಎಂದು ಹೊತ್ತು ಮುಳುಗುವವರೆಗೆ ವಾದ ಮಾಡುವ ನಮಗೆ ಆ ರಂಪ ಅರ್ಥವಾಗಬೇಕು. ಪರರು ಕೊಟ್ಟ ಹೆಸರಿನಲ್ಲಿ ತನ್ನ ಪ್ರೀತಿ ಸಣ್ಣದಾಗಿ ಕಂಡಾಗ ಮನುಷ್ಯ ಸುಮ್ಮನಿರುವುದಿಲ್ಲ.

ಚೀನಾದಲ್ಲಿ ಈ ಓದುಗರು ತಮ್ಮನ್ನು ‘ಕೆಹ್ವಾನ್ ಮಿ’ ಎಂದುಕೊಳ್ಳುತ್ತಾರೆ. ಕೆಹ್ವಾನ್ ಎಂದರೆ ವಿಜ್ಞಾನ ಕಲ್ಪನೆ. ಮಿ ಎಂದರೆ ದಾರಿ ತಪ್ಪಿದವ, ಮೋಹಗೊಂಡವ, ಒಂದೇ ಮಾತಿನಲ್ಲಿ ಮರುಳು! ಲಿಯು ತ್ಸಿಶಿನ್ ಎಂಬ ಕಾದಂಬರಿಕಾರರ ಓದುಗರಂತೂ ಅವರ ಹೆಸರಿನ ಧ್ವನಿ ಹಿಡಿದು ತಮ್ಮನ್ನು ‘ಅಯಸ್ಕಾಂತ’ಗಳೆಂದು ಕರೆದುಕೊಂಡರು. ಇಂಗ್ಲಿಷಿನ ‘ಫ್ಯಾನ್’ ಕೂಡ ದೂರದ್ದೇನಲ್ಲ. ಅದು ‘ಫೆನಟಿಕ್’ನ ತುಂಡು. ಅದರ ಮೂಲ ಲ್ಯಾಟಿನ್ನಿನಲ್ಲಿ ಗುಡಿ ಎಂಬರ್ಥದ ಪದ. ಗುಡಿಯಲ್ಲಿ ಮೈಮೇಲೆ ಭಾರ ಬಂದವನನ್ನು ಹಾಗೆ ಕರೆಯುತ್ತಿದ್ದರು. ಇಡಗುಂದಿಯ ಅಜ್ಜನ ಮಳ್ಳು, ಚೆಂಗ್ಡುವಿನ ಹುಡುಗನ ಮಿ, ನ್ಯೂಯಾರ್ಕಿನ ಫ್ಯಾನ್ ಒಂದೇ ಮನೆಯ ಮಕ್ಕಳು.

ನಮ್ಮ ‘ಅಭಿಮಾನಿ’ ಮಾತ್ರ ಬೇರೆ ಮನೆತನದ್ದು. ಅಭಿಮಾನದಲ್ಲಿ ಹೆಮ್ಮೆಯಿದೆ, ತನ್ನದು ಎಂಬ ಭಾವವಿದೆ. ದೇಶಾಭಿಮಾನ, ಭಾಷಾಭಿಮಾನ ಎನ್ನುವಾಗ ಕಾಣುವುದು ಅದೇ. ಡಾ. ರಾಜ್‌ಕುಮಾರ್ ಆ ಪದಕ್ಕೆ ಒಂದು ತಿರುವು ಕೊಟ್ಟು ‘ಅಭಿಮಾನಿ ದೇವರು’ ಎಂದರು. ಭಾರ ಬಂದವನನ್ನೇ ದೇವರೆಂದು ಕೈಮುಗಿದ ಕಲಾವಿದ ಅವರು. ಆದರೆ ಗಮನಿಸಿ, ಕನ್ನಡದಲ್ಲಿ ಅಭಿಮಾನಿ ಯಾವಾಗಲೂ ಒಬ್ಬ ವ್ಯಕ್ತಿಗೆ ಅಂಟಿಕೊಂಡಿರುತ್ತಾನೆ. ಅಣ್ಣಾವ್ರ ಅಭಿಮಾನಿ, ಚಿತ್ತಾಣಿ ಅಭಿಮಾನಿ, ತೇಜಸ್ವಿ ಅಭಿಮಾನಿ. ಬರಹದ ಒಂದು ಬಗೆಗೆ ಅಭಿಮಾನಿ ಆದವರು ಅಪರೂಪ. ನಮ್ಮ ವಿಜ್ಞಾನ ಕಥೆಯ ಓದುಗ ಹೆಸರಿಲ್ಲದೆ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಇನ್ನೊಂದು ಕಾರಣ ಆ ಬರಹಕ್ಕೇ ಒಂದು ಖಚಿತ ಹೆಸರಿಲ್ಲದ್ದು. ವೈಜ್ಞಾನಿಕ ಕಥೆ, ವಿಜ್ಞಾನ ಕಥೆ, ವೈಜ್ಞಾನಿಕ ಕಾಲ್ಪನಿಕ ಕಾದಂಬರಿ ಎಂದೆಲ್ಲ ಬರೆಯುತ್ತೇವೆ. ‘ವೈಜ್ಞಾನಿಕ’ ಎಂದ ಕೂಡಲೇ ಓದುಗನಿಗೆ ಪಠ್ಯಪುಸ್ತಕದ ವಾಸನೆ ಬರುತ್ತದೆ. ಬಂಗಾಳಿಗಳು ಈ ತೊಡಕನ್ನು ಚೆಂದವಾಗಿ ಬಿಡಿಸಿದರು. 1963ರಲ್ಲಿ ‘ಆಶ್ಚರ್ಯ’ ಎಂಬ ಪತ್ರಿಕೆ ತಂದ ಅದ್ರೀಶ್ ಬರ್ಧನ್ ಇದಕ್ಕೆ ‘ಕಲ್ಪವಿಜ್ಞಾನ’ ಎಂದು ಹೆಸರಿಟ್ಟರು. ಸತ್ಯಜಿತ್ ರಾಯ್ ಅವರೂ ಸೇರಿ 1966ರಲ್ಲಿ ಕೋಲ್ಕತ್ತಾದಲ್ಲಿ ಇಂಥ ಸಿನಿಮಾಗಳಿಗೆಂದೇ ಒಂದು ಕ್ಲಬ್ ಹುಟ್ಟಿತು. ಮರಾಠಿಯಲ್ಲಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ನಡೆಸಿತು. ಜಯಂತ ವಿಷ್ಣು ನಾರ್ಳೀಕರ್ ಎಂಬ ಖಭೌತ ವಿಜ್ಞಾನಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಗೆದ್ದರು. ಪತ್ರಿಕೆ, ಕೂಟ, ಸ್ಪರ್ಧೆ ಇದ್ದಲ್ಲಿ ಓದುಗರು ಒಬ್ಬರನ್ನೊಬ್ಬರು ಕಂಡರು.

ಕನ್ನಡದಲ್ಲಿ ಬರಹಕ್ಕೆ ಬರ ಇರಲಿಲ್ಲ. ರಾಜಶೇಖರ ಭೂಸನೂರಮಠರು ಹಟ ಹಿಡಿದಂತೆ ಇದೇ ಬಗೆಯನ್ನು ಬರೆದರು. 1980ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂತು. ಹಾರುವ ಓತಿಯನ್ನು ಹುಡುಕಿ ಹೊರಟ ಆ ಕಾದಂಬರಿಯನ್ನು ವಿಜ್ಞಾನ ಕಥೆ ಎನ್ನಬಹುದೇ ಎಂದು ಕೇಳಿದರೆ ನಾನು ಎನ್ನಬಹುದು ಎಂದೇ ಹೇಳುತ್ತೇನೆ. ನಮ್ಮ ತೋಟದಲ್ಲಿ ಆ ಓತಿಯನ್ನು ನೋಡಿದ್ದೇನೆ. ಅಡಕೆ ಮರದ ಬೂದು ತೊಗಟೆಗೆ ಅಂಟಿ ಕೂತರೆ ಕಣ್ಣಿಟ್ಟು ನೋಡಿದರೂ ಕಾಣದು. ಗಂಟಲಿನ ಹಳದಿ ಚೀಲ ಒಮ್ಮೆ ಹೊರಚಾಚಿ ಒಳಗೆಳೆದಾಗ ಮಾತ್ರ ಅಲ್ಲಿ ಜೀವವಿದೆ ಎಂದು ತಿಳಿಯುತ್ತದೆ. ಆಮೇಲೆ ಪಕ್ಕೆಲುಬಿನ ಚರ್ಮ ಅರಳಿಸಿ ಮುಂದಿನ ಮರಕ್ಕೆ ತೇಲಿಬಿಡುತ್ತದೆ. ‘ಅಪ್ಪಂತದ್ದು ಹೌದನೋ’ ಎಂದವರಿಗೆ ಕೈ ಮಾಡಿ ತೋರಿಸಬಹುದಾದ ಉತ್ತರ ಅದು.

ನಮ್ಮ ಜಿಲ್ಲೆಯ ಮಟ್ಟಿಗೆ ಆ ಪ್ರಶ್ನೆ ಕಥೆಯೊಳಗೆ ಉಳಿಯಲಿಲ್ಲ. ಕಾಳಿ ನದಿಯ ದಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಅಂಗಡಿ ಕಟ್ಟೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ವಿಕಿರಣದ ಮಾತು ಬಂತು. ಮಕ್ಕಳಿಗೆಂದು ‘ಬಾಲ ಪ್ರಪಂಚ’ ಬರೆದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾವನ್ನು ವಿರೋಧಿಸಿ ಲೋಕಸಭೆಗೆ ಇಲ್ಲಿಂದ ಸ್ಪರ್ಧಿಸಿ ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರವೇ ಕುಸಿಯಿತು. ಅದೇ ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು. ಈ ಎರಡೂ ಸತ್ಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಒಂದು ಬಗೆಯ ಓದು ಬೇಕು. ಶಿರಸಿ ತಾಲೂಕಿನ ಬಕ್ಕೆಮನೆಯ ನಾಗೇಶ ಹೆಗಡೆಯವರು ದಶಕಗಳ ಕಾಲ ಪತ್ರಿಕೆಯಲ್ಲಿ ವಿಜ್ಞಾನ ಬರೆದು ಆ ಓದನ್ನು ಕನ್ನಡಿಗರಿಗೆ ರೂಢಿ ಮಾಡಿಸಿದರು. ಮುಂದೆ ಏನಾದೀತು ಎಂದು ಇವತ್ತೇ ಕಲ್ಪಿಸಿ ನೋಡುವ ಕಥೆಗಳು ಅದಕ್ಕೆ ಜೊತೆಗೂಡಬೇಕು. ಘಟ್ಟದ ಮೇಲಿನ ನಮಗೆ ಇದು ಬಿಡುವಿನ ಓದು ಮಾತ್ರ ಆಗಿರಲು ಸಾಧ್ಯವಿಲ್ಲ.

ಆದ್ದರಿಂದ ಹೆಸರು ಬೇಕು. ಹೆಸರಿದ್ದರೆ ಒಬ್ಬನಿಗೆ ಇನ್ನೊಬ್ಬ ಸಿಗುತ್ತಾನೆ. ಬರಹಕ್ಕೆ ‘ಕಲ್ಪವಿಜ್ಞಾನ’ ಎಂಬ ಪದವನ್ನು ಬಂಗಾಳದಿಂದ ಹಾಗೆಯೇ ತಂದುಕೊಳ್ಳೋಣ. ಸಂಸ್ಕೃತದ ಆ ಎರಡು ತುಂಡುಗಳು ಕನ್ನಡದ ಬಾಯಿಗೆ ಹೊಸವಲ್ಲ. ಓದುಗನಿಗೆ ‘ವಿಜ್ಞಾನ ಕಥಾಭಿಮಾನಿ’ ಎಂದರೆ ಸನ್ಮಾನ ಪತ್ರದ ಭಾಷೆಯಾಗುತ್ತದೆ, ‘ಸೈ-ಫೈ ಫ್ಯಾನ್’ ಎಂದರೆ ಬೇರೆಯವರ ಅಂಗಿ ತೊಟ್ಟಂತೆ. ನನ್ನ ಮತ ಕಲ್ಪವಿಜ್ಞಾನದ ಮರುಳನಿಗೆ, ನಮ್ಮ ಕಡೆಯಲ್ಲಿ ಕಲ್ಪವಿಜ್ಞಾನದ ಮಳ್ಳಿಗೆ. ಮಳ್ಳು ಹೆಣ್ಣಿಗೂ ಗಂಡಿಗೂ ಒಂದೇ ಎಂಬುದು ಇನ್ನೊಂದು ಅನುಕೂಲ. ಜನ ಮರುಳೋ ಜಾತ್ರೆ ಮರುಳೋ ಎಂದು ಕೇಳುವವರು ಕೇಳಲಿ, ನಾವೇ ಮರುಳು ಎಂದು ಆಟದ ಅಜ್ಜನ ಹಾಗೆ ಒಪ್ಪಿಕೊಳ್ಳೋಣ.

ಇದಕ್ಕಿಂತ ಒಳ್ಳೆಯ ಪದ ನಿಮ್ಮೂರಿನಲ್ಲಿ ಇರಬಹುದು. ಬಳ್ಳಾರಿಯಲ್ಲಿ ಒಂದು, ಮಡಿಕೇರಿಯಲ್ಲಿ ಒಂದು, ಕಾಸರಗೋಡಿನಲ್ಲಿ ಮತ್ತೊಂದು ಇದ್ದೀತು. ದಯವಿಟ್ಟು ಈ ಪುರವಣಿಗೆ ಬರೆದು ತಿಳಿಸಿ. ಕಾಗದದ ಕೊನೆಯಲ್ಲಿ ಊರಿನ ಹೆಸರನ್ನು ಮರೆಯದೆ ಹಾಕಿ. ನಿಮ್ಮ ಊರಿನಲ್ಲಿ ನೀವೊಬ್ಬರೇ ಎಂದುಕೊಂಡಿದ್ದೀರಿ, ಪಕ್ಕದ ಊರಿನಲ್ಲಿ ಇನ್ನೊಬ್ಬರು ಹಾಗೆಯೇ ಅಂದುಕೊಂಡು ಓದುತ್ತಿದ್ದಾರೆ.